ಹೊಸ ರೂಟರಿಗೆ ಹಳೇ ಮೋಟೋ ಜಿ

ಮೊದಲ ತಲೆಮಾರಿನ ಮೋಟೋ ಜಿ ಫೋನೊಂದು ನಮ್ಮನೆಯಲ್ಲಿ ಇನ್ನೂ ಇದೆ. 2014ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಮಾಡೆಲ್. ಆಗ ಫ್ಲಿಪ್‌ಕಾರ್ಟಿನಲ್ಲಿ ಮಾತ್ರ ಸಿಗುತ್ತಿತ್ತು, 8 ಜಿಬಿಯದಕ್ಕೆ 12,499 ರೂಪಾಯಿ. ನಾಲ್ಕೂವರೆ ಇಂಚಿನ ಪರದೆ, ಒಂದು ಜಿಬಿ ರ್‍ಯಾಮ್, ಆಂಡ್ರಾಯ್ಡ್ 5ಕ್ಕೆ ಬಂದು ನಿಂತುಹೋದ ಸಾಫ್ಟ್‌ವೇರ್. ಇವತ್ತಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಅಮ್ಮನಿಗೆ ಅಡುಗೆಮನೆಯಲ್ಲಿ ತಾಳಮದ್ದಳೆ ಕೇಳಲು, ತಂಗಿಯ ಜೊತೆ ವಾಟ್ಸಾಪಿನಲ್ಲಿ ಮಾತಾಡಲು ಇಷ್ಟು ಸಾಕು. ಹಿಟ್ಟಿನ ಕೈಯಲ್ಲಿ ಮುಟ್ಟಿದರೂ ಯಾರ ಹೊಟ್ಟೆಯೂ ಉರಿಯುವುದಿಲ್ಲ.

ಈ ಫೋನಿಗೆ ವೈಫೈ ಬಿಟ್ಟರೆ ಬೇರೆ ಗತಿಯಿಲ್ಲ. ಇದು 3ಜಿ ಕಾಲದ್ದು. 2016ರಲ್ಲಿ ಬಂದ ಜಿಯೋದಲ್ಲಿ ಶುರುವಿನಿಂದಲೂ 4ಜಿಗಿಂತ ಕೆಳಗಿನದು ಇಲ್ಲವೇ ಇಲ್ಲ, ಆ ಸಿಮ್ ಇದರಲ್ಲಿ ಹಾಕಿ ಪ್ರಯೋಜನವಿಲ್ಲ. ಏರ್‌ಟೆಲ್ 2019ರಿಂದ ಒಂದೊಂದೇ ವಲಯದಲ್ಲಿ 3ಜಿ ನಿಲ್ಲಿಸುತ್ತ ಬಂತು. 2ಜಿಯಲ್ಲಿ ಕರೆ ಮಾಡಬಹುದು, ಇಂಟರ್ನೆಟ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಹಾಗಾಗಿ ಮನೆಗೆ ಫೈಬರ್ ಬಂದು ಹಳೇ ರೂಟರ್ ಹೋಗಿ ಹೊಸದು ಗೋಡೆಗೇರಿದಾಗ, ಮನೆಯ ಬೇರೆಲ್ಲ ಫೋನುಗಳೂ ಸೇರಿಕೊಂಡು ಇದೊಂದೇ ಹೊರಗುಳಿದದ್ದು ತಲೆನೋವಾಯಿತು. ಫೈಬರ್ ಎಳೆಯಲು ಬಂದ ಹುಡುಗ ಒಮ್ಮೆ ಕೈಯಲ್ಲಿ ಹಿಡಿದು ನೋಡಿ, “ಫೋನ್ ಹಳೇದಾಯ್ತು ಸಾರ್, ವೈಫೈ ಚಿಪ್ ಹೋಗಿರ್ಬೇಕು, ಬಿಸಾಕಿ” ಅಂದ.

ಚಿಪ್ ಹೋಗಿದೆಯೋ ಇಲ್ಲವೋ ಎಂದು ನೋಡಲು ರೂಟರಿನ ತಂಟೆಗೇ ಹೋಗಬೇಕಾಗಿಲ್ಲ. ನನ್ನ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ, ಅದರ ಬ್ಯಾಂಡನ್ನು (ವೈಫೈ ಬಳಸುವ ರೇಡಿಯೋ ಅಲೆಗಳ ಪಟ್ಟಿ) 2.4 ಗಿಗಾಹರ್ಟ್ಸ್‌ಗೆ, ಭದ್ರತೆಯನ್ನು ಡಬ್ಲ್ಯುಪಿಎ2 ಎಂಬ ಬಗೆಗೆ ಇಟ್ಟೆ. ಮೋಟೋ ಜಿ ತಕರಾರಿಲ್ಲದೆ ಸೇರಿಕೊಂಡಿತು. ಅಲ್ಲಿಗೆ ಫೋನ್ ಸರಿಯಿದೆ, ಮಾತುಕತೆ ಆಗಬೇಕಾದದ್ದು ರೂಟರಿನ ಜೊತೆ ಎಂದು ಗೊತ್ತಾಯಿತು. ಇದೇ ಪರೀಕ್ಷೆಯಲ್ಲಿ ಹಾಟ್‌ಸ್ಪಾಟ್ ಕೂಡ ಸಿಗದಿದ್ದರೆ ಆಗ ಫೋನನ್ನು ಅನುಮಾನಿಸಬಹುದು.

ಆಮೇಲೆ ನೋಡಬೇಕಾದದ್ದು ವೈಫೈ ಪಟ್ಟಿಯಲ್ಲಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ಸಾಲು. ಬಹಳ ಜನ ಅದನ್ನು ಓದದೆ ಪಾಸ್‌ವರ್ಡ್ ಹಾಕಿದ್ದೇ ಹಾಕುತ್ತಾರೆ. ಹೆಸರೇ ಕಾಣದಿದ್ದರೆ ಬ್ಯಾಂಡ್ ಅಥವಾ ಅದರೊಳಗಿನ ಓಣಿಯಾದ ಚಾನೆಲ್ ತಕರಾರು. ಹೆಸರು ಕಂಡು, ಪಾಸ್‌ವರ್ಡ್ ಕೊಟ್ಟಮೇಲೆ ‘ಅಥೆಂಟಿಕೇಶನ್ ಪ್ರಾಬ್ಲಮ್’ ಎಂದರೆ ಪಾಸ್‌ವರ್ಡ್ ತಪ್ಪು, ಇಲ್ಲವೇ ಭದ್ರತೆಯ ಬಗೆ ಹೊಂದುತ್ತಿಲ್ಲ. ‘ಸೇವ್ಡ್’ ಎಂದು ತೋರಿಸಿ ಮತ್ತೆ ಮತ್ತೆ ಕನೆಕ್ಟ್ ಆಗಲು ಹೋಗಿ ಬಿಟ್ಟುಬಿಟ್ಟರೆ ಭದ್ರತೆಯ ಕಡೆಗೇ ನನ್ನ ಅನುಮಾನ ಹೆಚ್ಚು. ‘ಅಬ್ಟೇನಿಂಗ್ ಐಪಿ ಅಡ್ರೆಸ್’ನಲ್ಲಿ ನಿಂತರೆ ಬಾಗಿಲು ದಾಟಿ ಒಳಗೆ ಬಂದಾಗಿದೆ, ಕೂರಲು ಜಾಗ, ಅಂದರೆ ರೂಟರ್ ಪ್ರತಿ ಉಪಕರಣಕ್ಕೂ ಕೊಡುವ ಅಂಕಿಯ ವಿಳಾಸ, ಸಿಕ್ಕಿಲ್ಲ. ನಮ್ಮ ಮೋಟೋ ಜಿಯದು ‘ಸೇವ್ಡ್’ ಜಾತಿ.

ರೂಟರಿನ ಒಳಗೆ ಹೋಗುವುದು ಕಷ್ಟವೇನಲ್ಲ. ಅದಾಗಲೇ ಸೇರಿರುವ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ 192.168.1.1 ಹಾಕಿದರೆ ಲಾಗಿನ್ ಪುಟ ಬರುತ್ತದೆ. ಕೆಲವು ರೂಟರುಗಳದ್ದು 192.168.0.1. ವಿಳಾಸ, ಹೆಸರು, ಪಾಸ್‌ವರ್ಡ್ ಮೂರೂ ಸಾಮಾನ್ಯವಾಗಿ ರೂಟರಿನ ತಳದ ಚೀಟಿಯಲ್ಲೇ ಇರುತ್ತವೆ. ನಾನು ಮಾಡುವ ಮೊದಲ ಕೆಲಸ, ಈಗಿರುವ ಸೆಟ್ಟಿಂಗಿನ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳುವುದು.

ಹೊಸ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸುತ್ತಿತ್ತು. ಯಾವ ಫೋನನ್ನು ಯಾವ ಬ್ಯಾಂಡಿಗೆ ಕಳಿಸಬೇಕೆಂದು ಅದೇ ತೀರ್ಮಾನಿಸುತ್ತದೆ. ‘ಸ್ಮಾರ್ಟ್ ಕನೆಕ್ಟ್’, ‘ಬ್ಯಾಂಡ್ ಸ್ಟೀರಿಂಗ್’ ಎಂದೆಲ್ಲ ಹೆಸರು. ಹೊಸ ಫೋನುಗಳಿಗೆ ಇದು ಅನುಕೂಲ. ಮೋಟೋ ಜಿಗೆ 5 ಗಿಗಾಹರ್ಟ್ಸ್ ಗೊತ್ತೇ ಇಲ್ಲ. ಆ ಕಾಲದ ಮಧ್ಯಮ ಬೆಲೆಯ ಫೋನುಗಳಲ್ಲಿ ಬಹುಪಾಲು ಹಾಗೆಯೇ. ಅದನ್ನು ಆಫ್ ಮಾಡಿ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಟ್ಟೆ, 2.4ರ ಹೆಸರಿನ ಕೊನೆಗೆ 24 ಅಂಟಿಸಿದೆ. ಪಟ್ಟಿಯಲ್ಲಿ ಕಂಡದ್ದು ಯಾವುದು, ಕೈಕೊಟ್ಟದ್ದು ಯಾವುದು ಎಂಬ ಗೊಂದಲ ಅಲ್ಲಿಗೆ ಮುಗಿಯಿತು.

2.4 ಎಂದರೆ ಕೀಳು ಎಂದುಕೊಳ್ಳುವವರಿದ್ದಾರೆ. ನಮ್ಮದು ಸಾಗರದ ಕಡೆಯ ಹಳೇ ಮನೆ, ಗೋಡೆಯೆಲ್ಲ ದಪ್ಪ ಜಂಬಿಟ್ಟಿಗೆ ಕಲ್ಲಿನದು. ಜಗಲಿಯಲ್ಲಿರುವ ರೂಟರಿನ 5 ಗಿಗಾಹರ್ಟ್ಸ್ ನಡುಮನೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ, ಅಡುಗೆಮನೆಯವರೆಗೆ ಹೋಗುವುದು 2.4 ಮಾತ್ರ. ಅಲ್ಲಿ ಹೊಸ ಫೋನು ತಂದಿಟ್ಟರೂ ಹಿಡಿಯುವುದು ಅದನ್ನೇ.

ತೊಡಕಿನ ತಿರುಳು ಇದ್ದದ್ದು ಭದ್ರತೆಯ ಪುಟದಲ್ಲಿ. ರೂಟರ್ ಕಾರ್ಖಾನೆಯಿಂದ ಬಂದದ್ದೇ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಬೆರೆಸಿದ ಕ್ರಮದಲ್ಲಿ. ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ, ಆಂಡ್ರಾಯ್ಡಿಗೆ ಅದು ತಿಳಿದದ್ದು 10ನೇ ಆವೃತ್ತಿಯಿಂದ. ಬೆರಕೆ ಕ್ರಮದಲ್ಲಿ ಹಳೇ ಫೋನು ಡಬ್ಲ್ಯುಪಿಎ2 ಹಿಡಿದು ಒಳಗೆ ಬರಬೇಕೆಂಬುದು ನಿಯಮ. ಆದರೆ ಜೊತೆಗೇ ಬರುವ, ಸಂಪರ್ಕ ನಡೆಸುವ ಸಂದೇಶಗಳನ್ನು ಕಾಯುವ ಪಿಎಂಎಫ್ ಎಂಬ ರಕ್ಷಣೆಯ ಹತ್ತಿರ ಕೆಲವು ಹಳೇ ಚಿಪ್ಪುಗಳು ಮುಗ್ಗರಿಸುತ್ತವೆ. ‘ರಿಕ್ವೈರ್ಡ್’ ಎಂದಿದ್ದರಂತೂ ಅದನ್ನರಿಯದ ಫೋನಿಗೆ ಪ್ರವೇಶವೇ ಇಲ್ಲ. ನಾನು 2.4ರ ಬ್ಯಾಂಡಿಗೆ ಬರೀ ಡಬ್ಲ್ಯುಪಿಎ2, ಅದರಲ್ಲಿ ಎಇಎಸ್ ಎಂಬ ಗೂಢಲಿಪಿ ಆರಿಸಿ, ಪಿಎಂಎಫ್ ಆಫ್ ಮಾಡಿ ಸೇವ್ ಒತ್ತಿದೆ. ಫೋನಿನಲ್ಲಿ ಹಳೇ ನಮೂದನ್ನು ಒತ್ತಿ ಹಿಡಿದು ‘ಫರ್ಗೆಟ್’ ಮಾಡಿ, ಹೊಸದಾಗಿ ಪಾಸ್‌ವರ್ಡ್ ಕೊಟ್ಟೆ. ಚೌಕದಲ್ಲಿ ಟಿಕ್ ಹಾಕಿ ಅಕ್ಷರ ಕಾಣುವಂತೆ ಮಾಡಿಕೊಂಡೇ ಟೈಪಿಸಿದೆ, ಆ ಪುಟ್ಟ ಕೀಲಿಮಣೆಯಲ್ಲಿ ಕಣ್ಣುಮುಚ್ಚಿ ಒತ್ತುವುದು ನನ್ನ ಬೆರಳಿಗೆ ಆಗದ ಮಾತು. ಕನೆಕ್ಟೆಡ್ ಎಂದು ಬಂತು.

ಇಲ್ಲಿ ಒಂದು ಕೆಟ್ಟ ಸಲಹೆಯ ಬಗ್ಗೆ ಹೇಳಲೇಬೇಕು. ಹಳೇ ಫೋನ್ ಎಂದ ಕೂಡಲೇ ‘ಡಬ್ಲ್ಯುಇಪಿ ಹಾಕಿ’, ‘ಟಿಕೆಐಪಿ ಹಾಕಿ’ ಎಂದು ಹಳೆಯ ದುರ್ಬಲ ಬೀಗಗಳನ್ನು ಹೇಳಿ, ಕೊನೆಗೆ ‘ಪಾಸ್‌ವರ್ಡೇ ತೆಗೆದುಬಿಡಿ’ ಎನ್ನುವವರು ಸಿಗುತ್ತಾರೆ. ಯಾವುದೂ ಬೇಡ. ವೈಫೈ ಮುದ್ರೆ ಪಡೆಯುವ ಹೊಸ ಉಪಕರಣಗಳಿಗೆ 2006ರ ಮಾರ್ಚ್‌ನಿಂದಲೇ ಡಬ್ಲ್ಯುಪಿಎ2 ಕಡ್ಡಾಯ. ಮೊದಲ ಆಂಡ್ರಾಯ್ಡ್ ಫೋನ್ ಬಂದದ್ದೇ 2008ರಲ್ಲಿ. ಅಂದಮೇಲೆ ಸ್ಮಾರ್ಟ್‌ಫೋನಿಗಾಗಿ ಅದಕ್ಕಿಂತ ಕೆಳಗಿಳಿಯಲು ಕಾರಣವೇ ಇಲ್ಲ. ಟಿಕೆಐಪಿಯಿಂದ ಇನ್ನೊಂದು ನಷ್ಟವೂ ಇದೆ: 802.11ಎನ್ ಎಂಬ ತಲೆಮಾರಿನ ವೈಫೈ ವೇಗ ಅದರ ಜೊತೆ ನಡೆಯುವುದಿಲ್ಲ, ಸಂಪರ್ಕ 54 ಎಂಬಿಪಿಎಸ್‌ಗೆ ಕುಸಿಯುತ್ತದೆ. ಎಇಎಸ್‌ನಲ್ಲಿ ಇದೇ ಮೋಟೋ ಜಿ 65ರ ಆಸುಪಾಸು ತೋರಿಸುತ್ತದೆ. ತಾಳಮದ್ದಳೆಗೆ ಅಷ್ಟೂ ಬೇಡ, ಆದರೆ ಕಳೆದುಕೊಳ್ಳುವುದು ಯಾಕೆ.

ಹಾಗಂತ ಒಂದು ಫೋನಿಗಾಗಿ ಮನೆಯ ಎಲ್ಲರ ಭದ್ರತೆಯನ್ನು ಒಂದು ಮೆಟ್ಟಿಲು ಇಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. 2017ರ ಅಕ್ಟೋಬರಿನಲ್ಲಿ ಡಬ್ಲ್ಯುಪಿಎ2ರಲ್ಲೇ ಕ್ರ್ಯಾಕ್ ಎಂಬ ದೋಷ ಬಯಲಾಗಿತ್ತು. ಹೊಸ ಫೋನುಗಳಿಗೆ ತೇಪೆ ಬಂತು, ಅಷ್ಟರಲ್ಲಿ ಅಪ್‌ಡೇಟ್ ನಿಂತಿದ್ದ ಇಂಥವಕ್ಕೆ ಬರಲಿಲ್ಲ. ಹಾಗಾಗಿ ಸೇರುವುದು ಖಾತ್ರಿಯಾದ ಮೇಲೆ ಮುಖ್ಯ ಹೆಸರನ್ನು ಮೊದಲಿನ ಬೆರಕೆ ಕ್ರಮಕ್ಕೇ ಮರಳಿಸಿ, 2.4ರಲ್ಲಿ ಒಂದು ಗೆಸ್ಟ್ ನೆಟ್‌ವರ್ಕ್ ತೆರೆದೆ. ಅದಕ್ಕೆ ಮಾತ್ರ ಡಬ್ಲ್ಯುಪಿಎ2. ಗೆಸ್ಟಿನಲ್ಲಿದ್ದವರು ಇಂಟರ್ನೆಟ್ ನೋಡಬಹುದು, ಮನೆಯ ಲ್ಯಾಪ್‌ಟಾಪ್, ಪ್ರಿಂಟರುಗಳ ಕಡೆ ಇಣುಕುವ ಹಾಗಿಲ್ಲ. ಮೋಟೋ ಜಿ ಕೂತಿರುವುದು ಅಲ್ಲಿ. ಅದರಲ್ಲಿ ಬ್ಯಾಂಕಿನದಾಗಲಿ ಯುಪಿಐನದಾಗಲಿ ಏನೂ ಇಲ್ಲ, ಹಾಕುವುದೂ ಇಲ್ಲ. ಒಂದೇ ಇಕ್ಕಟ್ಟು: ಲ್ಯಾಪ್‌ಟಾಪಿನಲ್ಲಿರುವ ಹಾಡುಗಳನ್ನು ವಿಎಲ್‌ಸಿಯಲ್ಲಿ ನೇರ ಹಾಕಿ ಕೇಳಲು ಗೆಸ್ಟ್ ಬಿಡುವುದಿಲ್ಲ. ಬೇಕಾದ್ದನ್ನು ಕೇಬಲ್ ಹಾಕಿ ಫೋನಿಗೇ ತುಂಬಿಸಿಕೊಟ್ಟಿದ್ದೇನೆ.

ಗೆಸ್ಟಿಗೆ ಕನ್ನಡದಲ್ಲೇ ಹೆಸರಿಡು ಎಂದಳು ತಂಗಿ. ಇಡಬಹುದು, ಆದರೆ ವೈಫೈ ಹೆಸರಿನ ಮಿತಿ 32 ಬೈಟ್, ಕನ್ನಡದ ಒಂದೊಂದು ಅಕ್ಷರಕ್ಕೂ ಕೊಂಬು, ಗುಡಿಸುಗಳಿಗೂ ತಲಾ ಮೂರು ಬೈಟ್ ಬೇಕು. ಹತ್ತಕ್ಕೆ ಮುಗಿಯಿತು. ಮೇಲಾಗಿ ಹಳೇ ಉಪಕರಣಗಳ ಮೇಲೆ ಇನ್ನೊಂದು ಪ್ರಯೋಗ ಹೇರುವುದು ಬೇಡವೆನಿಸಿ ಇಂಗ್ಲಿಷ್ ಅಕ್ಷರಕ್ಕೇ ನಿಂತೆ.

ಚಾನೆಲ್ಲಿನ ವಿಷಯ ಗೊತ್ತಾದದ್ದು ಬೇರೆ ಫೋನಿನಿಂದ. ಭಾವ ಅಮೆರಿಕದಿಂದ ಬರುವಾಗ ತಂದು ಇಲ್ಲೇ ಬಿಟ್ಟುಹೋದ ಹಳೇ ಫೋನೊಂದಕ್ಕೆ ನಮ್ಮ ವೈಫೈ ಹೆಸರು ಕೆಲವು ದಿನ ಕಾಣುತ್ತಿತ್ತು, ಕೆಲವು ದಿನ ಇಲ್ಲ. ಭಾರತದಲ್ಲಿ 2.4ರ ಬ್ಯಾಂಡಿನಲ್ಲಿ 13 ಚಾನೆಲ್ಲುಗಳಿವೆ, ಅಮೆರಿಕದ ಫೋನುಗಳು ಸಾಮಾನ್ಯವಾಗಿ ನೋಡುವುದು 11ರವರೆಗೆ. ರೂಟರ್ ‘ಆಟೋ’ದಲ್ಲಿದ್ದು ತನ್ನಷ್ಟಕ್ಕೆ 12ಕ್ಕೋ 13ಕ್ಕೋ ಹಾರಿದ ದಿನ ಆ ಫೋನಿನ ಪಾಲಿಗೆ ವೈಫೈಯೇ ಇಲ್ಲ. ಇಲ್ಲಿನ ಫೋನುಗಳಲ್ಲೂ ಕೆಲವು, ಸಿಮ್ ತೆಗೆದಿದ್ದರೆ ಯಾವ ದೇಶದಲ್ಲಿದ್ದೇನೆಂದು ತಿಳಿಯದೆ 11ಕ್ಕೇ ನಿಲ್ಲುತ್ತವೆ. ಒಂದಕ್ಕೊಂದು ತಾಗದ ಚಾನೆಲ್ಲುಗಳು 1, 6, 11. ಅಕ್ಕಪಕ್ಕದ ಮನೆ ದೂರವಿರುವುದರಿಂದ ನನಗೆ ಆಯ್ಕೆಯ ಕಷ್ಟ ಇರಲಿಲ್ಲ, 6ಕ್ಕೆ ಕಟ್ಟಿಹಾಕಿದೆ. ಅಗಲ 20 ಮೆಗಾಹರ್ಟ್ಸ್. 40 ಇಟ್ಟರೆ ಹೊಸ ಉಪಕರಣಗಳಿಗೆ ಸ್ವಲ್ಪ ವೇಗ ಸಿಗಬಹುದು, ಪೇಟೆಯ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರ ಮೇಲೂ ಗದ್ದಲವಷ್ಟೇ. ಆ ಪುಟದಲ್ಲೇ ‘ಮೋಡ್’ ಎಂಬುದೂ ಇರುತ್ತದೆ. ಹೊಸ ತಲೆಮಾರಿನ ವೈಫೈಯಾದ ‘ಎಎಕ್ಸ್’ ಎಂದಿದ್ದು ಹಳೇ ಉಪಕರಣಕ್ಕೆ ಹೆಸರೇ ಕಾಣದಿದ್ದರೆ ಹಳೆಯ ತಲೆಮಾರಿನ ಬಿ, ಜಿ, ಎನ್‌ಗೆ ಇಳಿಸಿ ನೋಡಬಹುದು.

ಐಪಿ ಅಡ್ರೆಸ್‌ನಲ್ಲಿ ಸಿಕ್ಕಿಕೊಂಡದ್ದು ಅದೇ ಭಾವನ ಫೋನು. ರೂಟರನ್ನು ಆರಿಸಿ ಹಚ್ಚಿದರೂ ಹೋಗದಿದ್ದಾಗ ಹೆಸರನ್ನು ಒತ್ತಿ ಹಿಡಿದು ‘ಮಾಡಿಫೈ ನೆಟ್‌ವರ್ಕ್’, ‘ಅಡ್ವಾನ್ಸ್ಡ್’ ತೆರೆದು ‘ಸ್ಟ್ಯಾಟಿಕ್’ ಆರಿಸಿದೆ, ಅಂದರೆ ವಿಳಾಸವನ್ನು ನಾನೇ ಕೈಯಾರೆ ಕೊಟ್ಟೆ. ಐಪಿ 192.168.1.240, ಗೇಟ್‌ವೇ 192.168.1.1, ಪ್ರಿಫಿಕ್ಸ್ 24, ಡಿಎನ್‌ಎಸ್ 8.8.8.8. ರೂಟರ್ ತಾನೇ ಹಂಚುವ ಸಾಲಿನ ಹೊರಗಿನ ಅಂಕಿ ಆರಿಸಿಕೊಂಡರೆ ಇಬ್ಬರಿಗೆ ಒಂದೇ ವಿಳಾಸ ಹೋಗುವ ಭಯವಿಲ್ಲ.

ಸೇರಿದ್ದಾಯಿತು, ಸಿಗ್ನಲ್ ತುಂಬಿದೆ, ಆದರೂ ಯಾವ ಪುಟವೂ ತೆರೆಯುವುದಿಲ್ಲ. ಜನ ಕೈಚೆಲ್ಲುವುದು ಇಲ್ಲಿ. ಬ್ಯಾಟರಿ ಪೂರ್ತಿ ಬರಿದಾಗಿ ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದ ಫೋನು ದಿನಾಂಕವನ್ನು 1970ಕ್ಕೋ ತಾನು ತಯಾರಾದ ಕಾಲಕ್ಕೋ ಒಯ್ದುಕೊಂಡಿರುತ್ತದೆ. ತಾಣ ಅಸಲಿಯೆಂದು ಸಾರುವ ಇವತ್ತಿನ ಪ್ರಮಾಣಪತ್ರಗಳು ಆ ದಿನಾಂಕಕ್ಕೆ ಇನ್ನೂ ಹುಟ್ಟೇ ಇಲ್ಲ, ಅದಕ್ಕೇ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬ ತಡೆ. ವಾಟ್ಸಾಪ್ ಕೂಡ ದಿನಾಂಕ ಸರಿಯಿಲ್ಲವೆಂದು ಮುನಿಸಿಕೊಳ್ಳುತ್ತದೆ. ತಾನೇ ಸರಿಹೋಗಲಿ ಎಂದು ಕಾಯದೆ ಕೈಯಾರೆ ತಿದ್ದಿ, ಸಮಯ ವಲಯವನ್ನು ಭಾರತಕ್ಕೆ ಇಟ್ಟೆ.

ಅಷ್ಟಾದ ಮೇಲೂ ಕೆಲವು ತಾಣಗಳು ತೆರೆಯಲಿಲ್ಲ, ಕೆಲವು ತೆರೆದವು. ಇದಕ್ಕೆ ವೈಫೈ ಕಾರಣವೇ ಅಲ್ಲ. ಅಸಂಖ್ಯ ತಾಣಗಳಿಗೆ ಪುಕ್ಕಟೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲಪತ್ರವನ್ನು (ಉಳಿದ ಪತ್ರಗಳ ನಂಬಿಕೆಗೆ ಬುಡವಾದದ್ದು) ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯವು ಗುರುತಿಸುವುದಿಲ್ಲ. ಹಳೆಯ ಇನ್ನೊಂದು ಮೂಲಪತ್ರದ ಸಹಿಯ ಆಸರೆಯಲ್ಲಿ ಅವು ನಡೆಯುತ್ತಿದ್ದವು, ಆ ಆಸರೆ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಕ್ರೋಮ್ ಆಂಡ್ರಾಯ್ಡ್ 5ರಲ್ಲಿ 95ನೇ ಆವೃತ್ತಿಗೇ ನಿಂತಿದೆ, ಅದು ನಂಬುವುದು ಫೋನಿನ ಪಟ್ಟಿಯನ್ನೇ. ಸುಲಭದ ದಾರಿ ಫೈರ್‌ಫಾಕ್ಸ್. ಅದು ತನ್ನದೇ ಪಟ್ಟಿ ಹೊತ್ತು ತರುತ್ತದೆ, ಪ್ಲೇ ಸ್ಟೋರ್ ಈ ಫೋನಿಗೆ ಹೊಂದುವ ಕೊನೆಯ ಆವೃತ್ತಿಯನ್ನು ಕೊಡುತ್ತದೆ. ಒಂದು ಜಿಬಿ ರ್‍ಯಾಮಿಗೆ ಅದು ಭಾರ, ಪುಟ ಬರಲು ತಾಳ್ಮೆ ಬೇಕು.

ನಾನು ಇನ್ನೊಂದು ದಾರಿಯನ್ನೂ ಹಿಡಿದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ವಂತ ತಾಣದಿಂದ ಐಎಸ್‌ಆರ್‌ಜಿ ರೂಟ್ ಎಕ್ಸ್1 ಎಂಬ ಆ ಮೂಲಪತ್ರದ ಕಡತವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಕೇಬಲ್ಲಿನಲ್ಲಿ ಫೋನಿಗೆ ಹಾಕಿ, ಸೆಟ್ಟಿಂಗ್ಸ್‌ನ ಸೆಕ್ಯೂರಿಟಿಯಲ್ಲಿ ‘ಇನ್‌ಸ್ಟಾಲ್ ಫ್ರಮ್ ಸ್ಟೋರೇಜ್’ ಒತ್ತಿದೆ. ಇದಕ್ಕೆ ಫೋನು ಪರದೆಗೆ ಬೀಗ ಹಾಕಲೇಬೇಕೆಂದು ಹಟ ಹಿಡಿಯುತ್ತದೆ. ಆಮೇಲೆ ‘ನಿಮ್ಮ ನೆಟ್‌ವರ್ಕನ್ನು ಬೇರೆಯವರು ಗಮನಿಸುತ್ತಿರಬಹುದು’ ಎಂಬ ಎಚ್ಚರಿಕೆ ಮೇಲುಗಡೆ ಬಂದು ಕೂರುತ್ತದೆ. ಅಮ್ಮ ಅದನ್ನು ನೋಡಿ “ಯಾರೋ ನೋಡ್ತಾ ಇದಾರಂತೆ ಕಣೋ, ಎಂತದು ಇದು?” ಅಂತ ಗಾಬರಿಯಾದರು. ನಾವೇ ಹಾಕಿದ ಪತ್ರದ ಕಾರಣಕ್ಕೆ ಬರುವ ಮಾತು ಅದು. ಆದರೆ ಬೇರೆ ಯಾರೋ ಕಳಿಸಿದ ಪತ್ರವನ್ನು ಹಾಗೆ ಹಾಕಿಕೊಂಡರೆ ಆ ಎಚ್ಚರಿಕೆ ಅಕ್ಷರಶಃ ನಿಜವಾಗುತ್ತದೆ.

ವಾಟ್ಸಾಪ್ 2025ರ ಜನವರಿ 1ರಿಂದ ಆಂಡ್ರಾಯ್ಡ್ 5ಕ್ಕಿಂತ ಕೆಳಗಿನವನ್ನು ಕೈಬಿಟ್ಟಾಗ ಇದು ಕೂದಲೆಳೆಯಲ್ಲಿ ಉಳಿದುಕೊಂಡಿತು. ನಂಬರಿನ ಸಿಮ್ ಅಮ್ಮನ ಕೀಪ್ಯಾಡ್ ಫೋನಿನಲ್ಲಿದೆ, ಒಟಿಪಿ ಅಲ್ಲಿಗೆ ಬಂತು, ಇಲ್ಲಿ ಹಾಕಿದೆ. ಸಿಮ್ ಇಲ್ಲದ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ತಿನ್ನುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಅದರ ಮೇಲೆ ವೈಫೈ ಒಂದನ್ನೇ ಆನ್ ಮಾಡಿಟ್ಟಿದ್ದೇನೆ. ವೈಫೈ ಅಡ್ವಾನ್ಸ್ಡ್‌ನಲ್ಲಿ ‘ಕೀಪ್ ವೈಫೈ ಆನ್ ಡ್ಯೂರಿಂಗ್ ಸ್ಲೀಪ್’ ಎಂಬುದನ್ನು ‘ಆಲ್ವೇಸ್’ಗೆ ಇಡದಿದ್ದರೆ ಪರದೆ ಆರಿದ ಮೇಲೆ ತಂಗಿಯ ಕರೆ ಬರುವುದೇ ಇಲ್ಲ.

ಚಾರ್ಜರಿಗೆ ಇಡೀ ದಿನ ಚುಚ್ಚಿಟ್ಟಿರಬೇಡಿ ಎಂದು ಅಮ್ಮನಿಗೆ ಹೇಳಿದ್ದೇನೆ. ಈ ಮಾಡೆಲ್ಲಿನ ಹಿಂದಿನ ಚಿಪ್ಪು ಕಳಚಿ ಬರುತ್ತದೆ, ಬ್ಯಾಟರಿ ಬರುವುದಿಲ್ಲ. ಆಗಾಗ ಚಿಪ್ಪು ತೆಗೆದು ಬ್ಯಾಟರಿ ಉಬ್ಬಿದೆಯೋ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ. ಉಬ್ಬಿದ್ದು ಕಂಡ ದಿನ ಅದು ಇ-ತ್ಯಾಜ್ಯದ ಡಬ್ಬಿಗೆ ಹೋಗುತ್ತದೆ, ವೈಫೈ ಎಷ್ಟೇ ಚೆನ್ನಾಗಿ ಹಿಡಿಯುತ್ತಿದ್ದರೂ.