ಹುತ್ಸುಲ್ ನಾಡಿನ ಮರದ ಚರ್ಚುಗಳನ್ನು ನಾನು ನೋಡಿದ ಬಗೆ

ಕಾರ್ಪೇಥಿಯನ್ ಬೆಟ್ಟಗಳ ಜನರಾದ ಹುತ್ಸುಲರ ನಾಡನ್ನು ಒಳಗೊಂಡ, ಪಶ್ಚಿಮ ಉಕ್ರೇನಿನ ಇವಾನೊ-ಫ್ರಾಂಕಿವ್‌ಸ್ಕ್ ಪ್ರಾಂತ್ಯದ ಹಳ್ಳಿಗಳಲ್ಲಿರುವ ಮರದ ಚರ್ಚುಗಳು ವಾರದ ಬಹುಪಾಲು ದಿನಗಳಲ್ಲಿ ಬೀಗ ಹಾಕಿಕೊಂಡೇ ಇರುತ್ತವೆ. ಅವು ಪ್ರವಾಸಿಗರಿಗಾಗಿ ತೆರೆದಿಟ್ಟ ಸ್ಮಾರಕಗಳಲ್ಲ, ಊರಿನವರು ಇಂದಿಗೂ ಪ್ರಾರ್ಥನೆ ಸಲ್ಲಿಸುವ ಜಾಗಗಳು. ಆದ್ದರಿಂದ ಅವುಗಳನ್ನು ಒಳಹೊಕ್ಕು ನೋಡಬೇಕೆನ್ನುವವರು ಬಸ್ಸಿನ ವೇಳಾಪಟ್ಟಿಗಿಂತ ಮೊದಲು ಪೂಜೆಯ ವೇಳಾಪಟ್ಟಿಯನ್ನು ತಿಳಿದುಕೊಳ್ಳಬೇಕು. ಯುದ್ಧಕ್ಕೆ ಮೊದಲಿನ ವರ್ಷಗಳಲ್ಲಿ, ಕರ್ನಾಟಕದಿಂದ ಹೋದ ಅನೇಕರಂತೆ ನಾನೂ ಇವಾನೊ-ಫ್ರಾಂಕಿವ್‌ಸ್ಕ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಗ, ರಜೆ ಸಿಕ್ಕಾಗಲೆಲ್ಲ ಈ ಹಳ್ಳಿಗಳ ಕಡೆಗೆ ಹೊರಡುವುದು ರೂಢಿಯಾಯಿತು. ಮೊದಮೊದಲು ಜೊತೆಗೆ ಬರುತ್ತಿದ್ದ ಹಾಸನದ ಗೆಳತಿ, "ಬೀಗ ನೋಡೋಕೆ ಇಷ್ಟ್ ದೂರ ಬಂದ್ವೇನೇ?" ಎಂದು ಕೇಳಿದ್ದುಂಟು. ಅದಕ್ಕೆ ಉತ್ತರವಾಗಿ ನಾನು ಕಂಡುಕೊಂಡ ಕ್ರಮ ಇಷ್ಟೇ: ತೆರೆದಿರುವುದನ್ನು ಮೊದಲು ನೋಡಿ ಕಣ್ಣನ್ನು ಪಳಗಿಸಿಕೊಳ್ಳುವುದು, ಮುಚ್ಚಿರುವುದಕ್ಕೆ ಭಾನುವಾರ ಹೋಗುವುದು.

ತೆರೆದಿರುವ ಚರ್ಚುಗಳಲ್ಲಿ ಮುಖ್ಯವಾದದ್ದು ರೊಹಾಟಿನ್ ಪಟ್ಟಣದ ಪವಿತ್ರಾತ್ಮ ಚರ್ಚು. ಇವಾನೊ-ಫ್ರಾಂಕಿವ್‌ಸ್ಕ್‌ನಿಂದ ಉತ್ತರಕ್ಕೆ, ಲ್ವಿವ್ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್ ದೂರದಲ್ಲಿರುವ ಇದು ಈಗ ಮ್ಯೂಸಿಯಂ ಆಗಿರುವುದರಿಂದ ಟಿಕೆಟ್ ಪಡೆದು ಒಳಗೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಯುನೆಸ್ಕೊ 2013ರಲ್ಲಿ ಕಾರ್ಪೇಥಿಯನ್ ಪ್ರದೇಶದ ಹದಿನಾರು ಮರದ ಚರ್ಚುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಎಂಟು ಪೋಲೆಂಡಿನಲ್ಲಿವೆ, ಎಂಟು ಉಕ್ರೇನಿನಲ್ಲಿವೆ. ಈ ಪ್ರಾಂತ್ಯಕ್ಕೆ ಸೇರಿದವು ಎರಡೇ, ಒಂದು ರೊಹಾಟಿನ್‌ನದು, ಇನ್ನೊಂದು ಕೊಲೊಮಿಯಾ ಪಟ್ಟಣದ ಪಕ್ಕದ ನಿಜ್ನಿ ವೆರ್ಬಿಜ್ ಹಳ್ಳಿಯದು. ರೊಹಾಟಿನ್ ಚರ್ಚಿನ ಕಾಲವನ್ನು 1598 ಎಂದು ಹೇಳುತ್ತಾರೆ. ಅದರ ಒಳಗಿನ ಐಕಾನೊಸ್ಟಾಸಿಸ್, ಅಂದರೆ ಗರ್ಭಗುಡಿಯಂಥ ಒಳಭಾಗವನ್ನು ಜನ ನಿಲ್ಲುವ ಭಾಗದಿಂದ ಬೇರ್ಪಡಿಸುವ ಚಿತ್ರಪಟಗಳ ಗೋಡೆ, 1650ರದು.

ಆ ಗೋಡೆಯ ಮುಂದೆ ನಾನು ಕಲಿತದ್ದು ಮುಂದೆ ಪ್ರತಿಯೊಂದು ಚರ್ಚಿನಲ್ಲಿಯೂ ನೆರವಿಗೆ ಬಂದಿತು. ನಡುವೆ ಪಾದ್ರಿಗಳು ಮಾತ್ರ ದಾಟುವ ಕೆತ್ತನೆಯ ರಾಜದ್ವಾರವಿರುತ್ತದೆ. ನೋಡುವವರ ಬಲಕ್ಕೆ ಕ್ರಿಸ್ತ, ಎಡಕ್ಕೆ ಮಗುವನ್ನೆತ್ತಿದ ಮರಿಯಾ. ಅವರ ಮೇಲೆ ಸಾಲುಸಾಲಾಗಿ ಹಬ್ಬಗಳ ಚಿತ್ರಗಳು, ಅಪೊಸ್ತಲರು, ಪ್ರವಾದಿಗಳು, ತುತ್ತತುದಿಯಲ್ಲಿ ಶಿಲುಬೆ. ಕೆಳಸಾಲಿನಲ್ಲಿ ಕ್ರಿಸ್ತನಿಗಿಂತಲೂ ಬಲಕ್ಕೆ ಇರುವ ಚಿತ್ರವು ಸಾಮಾನ್ಯವಾಗಿ ಆ ಚರ್ಚು ಯಾರಿಗೆ ಅಥವಾ ಯಾವ ಹಬ್ಬಕ್ಕೆ ಮೀಸಲೋ ಅದರದಾಗಿರುತ್ತದೆ. ಹೊರಗಿನ ಫಲಕವನ್ನು ಓದಲಾಗದಿದ್ದರೂ, ಫಲಕವೇ ಇಲ್ಲದಿದ್ದರೂ, ಆ ಒಂದು ಚಿತ್ರವನ್ನು ನೋಡಿದರೆ ಚರ್ಚಿನ ಹೆಸರು ತಿಳಿಯುತ್ತದೆ. ಇದು ಸಣ್ಣ ವಿಷಯವೆನಿಸಬಹುದು, ಆದರೆ ಹಳ್ಳಿಯ ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತಿರುವಾಗ ಯಾರನ್ನೂ ಪ್ರಶ್ನೆ ಕೇಳುವಂತಿಲ್ಲ, ಓಡಾಡುವಂತಿಲ್ಲ. ನಿಂತಲ್ಲಿಂದಲೇ ಏನನ್ನು ಎಲ್ಲಿ ನೋಡಬೇಕೆಂಬುದು ಮೊದಲೇ ಗೊತ್ತಿರಬೇಕು.

ರೊಹಾಟಿನ್‌ಗೆ ಹೋಗುವ ದಾರಿಯಲ್ಲೇ ಹಾಲಿಚ್ ಬರುತ್ತದೆ. ಅದರ ಸಮೀಪದ ಕ್ರಿಲೊಸ್ ಹಳ್ಳಿಯೇ ಮಧ್ಯಯುಗದ ಗ್ಯಾಲಿಸಿಯಾ ಸಂಸ್ಥಾನದ ರಾಜಧಾನಿಯಾಗಿದ್ದ ಜಾಗ. ಹನ್ನೆರಡನೆಯ ಶತಮಾನದ ಮಹಾ ಕೆಥೆಡ್ರಲಿನ ಅಡಿಪಾಯವನ್ನು ಪುರಾತತ್ವಜ್ಞ ಯಾರೊಸ್ಲಾವ್ ಪಾಸ್ಟರ್ನಾಕ್ 1936ರಲ್ಲಿ ಇಲ್ಲಿ ಪತ್ತೆಹಚ್ಚಿದರು. ನೆಲಮಟ್ಟದ ಕಲ್ಲುಗಳನ್ನು ನೋಡಿ ಕಟ್ಟಡವನ್ನು ಊಹಿಸಿಕೊಳ್ಳುವ ಉತ್ಸಾಹವಿಲ್ಲದವರಿಗೆ ಅಲ್ಲಿಯ ತೆರೆದ ಬಯಲಿನ ಜಾನಪದ ವಾಸ್ತು ಸಂಗ್ರಹಾಲಯವೇ ಹೆಚ್ಚು ಹಿಡಿಸುತ್ತದೆ. ಬೇರೆ ಬೇರೆ ಹಳ್ಳಿಗಳಿಂದ ತಂದು ನಿಲ್ಲಿಸಿದ ಮನೆಗಳ ಒಳಗೆ ಒಲೆ, ಬೆಂಚು, ತೊಟ್ಟಿಲುಗಳನ್ನು ಹತ್ತಿರದಿಂದ ನೋಡಬಹುದು. ಸೋಮವಾರ ಬಹುತೇಕ ಮ್ಯೂಸಿಯಂಗಳು ಮುಚ್ಚಿರುತ್ತವೆ ಎಂಬುದನ್ನು ಮಾತ್ರ ಮರೆಯಬಾರದು.

ದಕ್ಷಿಣದ ಕಡೆಗೆ, ಪ್ರುತ್ ನದಿಯ ದಂಡೆಯ ಕೊಲೊಮಿಯಾ ಪಟ್ಟಣಕ್ಕೆ ರೈಲಿನಲ್ಲಿ ಹೋಗುವುದು ಸುಲಭ. ಇಲ್ಲಿ 2000ದಲ್ಲಿ ಆರಂಭವಾದ ಪಿಸಾಂಕಾ ಮ್ಯೂಸಿಯಂ ಇದೆ. ಈಸ್ಟರ್ ಹಬ್ಬಕ್ಕೆ ಚಿತ್ತಾರ ಬರೆದ ಮೊಟ್ಟೆಗಳ ಸಂಗ್ರಹ ಇದು, ಕಟ್ಟಡದ ಮುಂಭಾಗವೂ ಸುಮಾರು 14 ಮೀಟರ್ ಎತ್ತರದ ಒಂದು ಮೊಟ್ಟೆಯೇ. ಜನ ಆ ದೊಡ್ಡ ಮೊಟ್ಟೆಯ ಮುಂದೆ ಫೋಟೊ ತೆಗೆಸಿಕೊಂಡು ಹಾಗೆಯೇ ಹೊರಟುಬಿಡುವುದನ್ನು ನಾನು ಕಂಡಿದ್ದೇನೆ, ಅದು ನಷ್ಟವೇ ಸರಿ. ಒಳಗಿನ ಗಾಜಿನ ಪೆಟ್ಟಿಗೆಗಳಲ್ಲಿ ಊರೂರಿನ ಮೊಟ್ಟೆಗಳನ್ನು ಬೇರೆಬೇರೆಯಾಗಿ ಇಟ್ಟಿದ್ದಾರೆ. ಕೊಸ್ಮಾಚ್ ಎಂಬ ಬೆಟ್ಟದ ಹಳ್ಳಿಯ ಮೊಟ್ಟೆಗಳ ಮೇಲಿನ ಕಿತ್ತಳೆ ಬಣ್ಣದ ಕೂದಲೆಳೆಯ ಗೆರೆಗಳನ್ನು ಹತ್ತಿರದಿಂದ ನೋಡದೆ ನಂಬುವುದು ಕಷ್ಟ.

ಇದನ್ನು ಮಾಡುವ ಬಗೆಯನ್ನು ಒಬ್ಬ ಹಿರಿಯ ಹೆಂಗಸಿನ ಬಳಿ ಕುಳಿತು ಕಲಿತೆ. ಕಡ್ಡಿಯೊಂದರ ತುದಿಗೆ ಸೂಜಿಗಿಂತ ತುಸು ದಪ್ಪದ ಲೋಹದ ಕೊಳವೆಯನ್ನು ಕಟ್ಟಿರುತ್ತಾರೆ. ಅದನ್ನು ಮೇಣದಬತ್ತಿಯ ಉರಿಯಲ್ಲಿ ಕಾಯಿಸಿ ಜೇನುಮೇಣಕ್ಕೆ ಅದ್ದಿದರೆ ಕರಗಿದ ಮೇಣ ಕೊಳವೆಯೊಳಗೆ ಸೇರಿಕೊಳ್ಳುತ್ತದೆ. ಬಿಳಿಯಾಗಿ ಉಳಿಯಬೇಕಾದ ಗೆರೆಗಳನ್ನೆಲ್ಲ ಮೊದಲು ಈ ಮೇಣದಿಂದ ಬರೆದು ಮೊಟ್ಟೆಯನ್ನು ಹಳದಿ ಬಣ್ಣದ ನೀರಿಗೆ ಇಳಿಸಬೇಕು. ಆಮೇಲೆ ಹಳದಿಯಾಗಿ ಉಳಿಯಬೇಕಾದದ್ದರ ಮೇಲೆ ಮೇಣ, ಮತ್ತೆ ಕಿತ್ತಳೆ, ಮತ್ತೆ ಮೇಣ, ಮತ್ತೆ ಕೆಂಪು, ಹೀಗೆ ತಿಳಿಯಿಂದ ಗಾಢಕ್ಕೆ ಹೋಗುತ್ತಾ ಕೊನೆಗೆ ಕಪ್ಪು. ಈ ಹಂತದಲ್ಲಿ ಕೈಯಲ್ಲಿರುವುದು ಮಸಿ ಬಳಿದ ಗಡ್ಡೆಯಂತೆ ಕಾಣುವ ವಸ್ತು. ಅದನ್ನು ಉರಿಯ ಪಕ್ಕದಲ್ಲಿ ಹಿಡಿದು, ಕರಗಿದ ಮೇಣವನ್ನು ಬಟ್ಟೆಯಿಂದ ಒರೆಸಿದಾಗ ಮಾತ್ರ ಅಡಗಿದ್ದ ಬಣ್ಣಗಳೆಲ್ಲ ಹೊರಬರುತ್ತವೆ. ಉರಿಯ ಮೇಲೆ ನೇರವಾಗಿ ಹಿಡಿದರೆ ಮಸಿ ಹತ್ತುತ್ತದೆ, ಆದ್ದರಿಂದ ಪಕ್ಕದಲ್ಲೇ ಹಿಡಿಯಬೇಕು. ಅಜ್ಜಿ ಮಾತಾಡದೆ ನನ್ನ ಮಣಿಕಟ್ಟನ್ನು ಹಿಡಿದು ಸರಿಸಿ ತೋರಿಸಿದ್ದು ಇದೊಂದನ್ನೇ. ಪಿಸಾಂಕಾ ಕಲೆಯನ್ನು ಯುನೆಸ್ಕೊ 2024ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಮೊಟ್ಟೆಯ ಮ್ಯೂಸಿಯಂ ಒಂದು ದೊಡ್ಡ ಸಂಸ್ಥೆಯ ಶಾಖೆ. 1926ರಲ್ಲಿ ಸ್ಥಾಪನೆಯಾದ ಹುತ್ಸುಲ್ ನಾಡು ಮತ್ತು ಕೊಲೊಮಿಯಾ ಸುತ್ತಲಿನ ಪೊಕುತ್ತ್ಯಾ ಪ್ರದೇಶದ ಜಾನಪದ ಕಲೆಗಳ ಆ ಮೂಲ ಮ್ಯೂಸಿಯಂ ಊರಿನ ನಡುವೆಯೇ ಇದೆ, ಯೊಸಾಫತ್ ಕೊಬ್ರಿನ್‌ಸ್ಕಿ ಎಂಬ ಪಾದ್ರಿಯ ಪ್ರಯತ್ನದಿಂದ ಎದ್ದ ಜನತಾ ಭವನದಲ್ಲಿ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಾಂತ್ಯದಲ್ಲಿ ಒಂದೇ ಮ್ಯೂಸಿಯಂ ನೋಡಲು ಸಮಯವಿದ್ದರೆ ಇದನ್ನೇ ನೋಡಬೇಕು. ಯಾವೊರಿವ್ ಹಳ್ಳಿಯ ಯೂರಿ ಶ್ಕ್ರಿಬ್ಲ್ಯಾಕ್ ಮತ್ತು ಅವರ ಮಕ್ಕಳ ಮರಗೆತ್ತನೆ, ಕೊಸಿವ್‌ನ ಒಲೆಕ್ಸಾ ಬಖ್ಮಾತ್ಯುಕ್ ಹತ್ತೊಂಬತ್ತನೆಯ ಶತಮಾನದಲ್ಲಿ ಚಿತ್ರ ಬರೆದ ಒಲೆಯ ಹೆಂಚುಗಳು ಇಲ್ಲಿವೆ. ಬಿಳಿ ಜೇಡಿಯ ಲೇಪದ ಮೇಲೆ ಮೊನೆಯಿಂದ ಗೀರಿ, ಹಸಿರು, ಹಳದಿ, ಕಂದು ಬಣ್ಣ ತುಂಬಿದ ಆ ಹೆಂಚುಗಳಲ್ಲಿ ಬೇಟೆಗಾರರು, ಸಿಪಾಯಿಗಳು, ವಾದ್ಯದವರು ಎಲ್ಲರೂ ಸಿಗುತ್ತಾರೆ. ಕೊಸಿವ್‌ನಲ್ಲಿ ಇಂದಿಗೂ ಅದೇ ಬಣ್ಣದ ಪಾತ್ರೆಗಳು ತಯಾರಾಗುತ್ತವೆ. ಅಲ್ಲಿಯ ಶನಿವಾರದ ಸಂತೆಗೆ ಬೆಳಗಾಗುವ ಮೊದಲೇ ಹೋದರೆ ಕುಸುರಿ ಕೆಲಸದವರು ಸಿಗುತ್ತಾರೆ, ತಡವಾಗಿ ಹೋದರೆ ಎಲ್ಲ ಊರಿನಲ್ಲಿಯೂ ಸಿಗುವ ಪ್ಲಾಸ್ಟಿಕ್ ಸಾಮಾನು ಮಾತ್ರ.

ನಿಜ್ನಿ ವೆರ್ಬಿಜ್ ಚರ್ಚಿಗೆ ನಾನು ಕೊಲೊಮಿಯಾದಿಂದ ಹೋದೆ. 1808ರ ಈ ಚರ್ಚು ಹುತ್ಸುಲ್ ಶೈಲಿಯದು, ಶಿಲುಬೆಯಾಕಾರದ ತಳವಿನ್ಯಾಸದ ಮೇಲೆ ಐದು ಗುಮ್ಮಟಗಳು. ಒಳಗೆ ಹೋಗುವ ಮೊದಲು ಹೊರಗೆ ಒಂದು ಸುತ್ತು ನಿಧಾನವಾಗಿ ಬರುವುದು ನನ್ನ ಅಭ್ಯಾಸವಾಗಿತ್ತು, ಏಕೆಂದರೆ ಕಟ್ಟಡದ ಜಾಣ್ಮೆಯೆಲ್ಲ ಮೂಲೆಗಳಲ್ಲಿದೆ. ಅಡ್ಡಡ್ಡವಾಗಿ ಒಂದರ ಮೇಲೊಂದು ಪೇರಿಸಿದ ತೊಲೆಗಳು ಮೂಲೆಯಲ್ಲಿ ಪರಸ್ಪರ ಕಚ್ಚಿಕೊಂಡಿರುತ್ತವೆ. ಗೋಡೆಯ ಮೇಲ್ಭಾಗದ ತೊಲೆಗಳ ತುದಿಗಳನ್ನು ಕತ್ತರಿಸದೆ ಒಂದಕ್ಕಿಂತ ಒಂದು ಉದ್ದವಾಗಿ ಹೊರಗೆ ಚಾಚಿರುತ್ತಾರೆ, ಆ ಮೆಟ್ಟಿಲಿನಂಥ ಚಾಚಿಕೆಗಳ ಮೇಲೆಯೇ ಚರ್ಚಿನ ಸುತ್ತಲೂ ಹರಿಯುವ ಅಗಲವಾದ ಸೂರು ಕುಳಿತಿರುತ್ತದೆ. ಮಲೆನಾಡಿನ ಮನೆಯಲ್ಲಿ ಬೆಳೆದ ನನಗೆ ಈ ಸೂರಿನ ಉದ್ದೇಶವನ್ನು ಯಾರೂ ವಿವರಿಸಬೇಕಾಗಲಿಲ್ಲ. ಮಳೆಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೂರಕ್ಕೆ ಎಸೆಯುವುದು ಅದರ ಕೆಲಸ, ಪೂಜೆಗೆ ಬೇಗ ಬಂದ ಹಳ್ಳಿಗರು ನಿಲ್ಲುವುದೂ ಅದರ ಕೆಳಗೇ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಭಾಗದ ಅನೇಕ ಹಳ್ಳಿಗಳಲ್ಲಿ ಚರ್ಚಿನ ಗೋಡೆ ಮತ್ತು ಗುಮ್ಮಟಗಳ ಮೇಲೆ ಹೊಳೆಯುವ ತಗಡನ್ನು ಹೊಡೆದಿದ್ದಾರೆ. ಛಾವಣಿಗೂ ಗೋಡೆಗೂ ಹೊದಿಸುವ ಮರದ ಬಿಲ್ಲೆಗಳನ್ನು ಕೆಲವು ದಶಕಗಳಿಗೊಮ್ಮೆ ಬದಲಿಸಬೇಕು, ಅದನ್ನು ಮಾಡಬಲ್ಲ ಬಡಗಿಗಳು ಕಡಿಮೆಯಾಗಿದ್ದಾರೆ, ತಗಡು ಅಗ್ಗ. ಹೊರಗಿನಿಂದ ಹೋದವರು ಹಳ್ಳಿಗರನ್ನು ಬೈಯುವುದು ಸುಲಭ, ಸೋರುವ ಛಾವಣಿಯ ಕೆಳಗೆ ನಿಲ್ಲುವವರು ಅವರು. ಆದರೂ ಬಿಸಿಲಿಗೆ ಕನ್ನಡಿಯಂತೆ ಮಿನುಗುವ ಆ ತಗಡಿನ ಕೆಳಗೆ ಹಳೆಯ ಮರ ಉಸಿರಾಡಲಾಗದೆ ಒಳಗೇ ಕೊಳೆಯುವ ಅಪಾಯವಿದೆ ಎಂಬ ಸಂರಕ್ಷಣಾ ತಜ್ಞರ ಮಾತನ್ನು ತಳ್ಳಿಹಾಕುವಂತಿಲ್ಲ. ತಗಡು ಹೊಡೆಯದ ಒಂದು ಚರ್ಚನ್ನು ನೋಡಬೇಕಾದರೆ ಕೊಲೊಮಿಯಾದಲ್ಲಿಯೇ ಸ್ಮಶಾನದ ಪಕ್ಕದಲ್ಲಿ, ಯೇಸುವಿನ ಜನನದ ಸುದ್ದಿಯನ್ನು ದೇವದೂತ ಮರಿಯಾಳಿಗೆ ತಿಳಿಸಿದ ಮಂಗಳವಾರ್ತೆಯ ಹೆಸರಿನ ಚರ್ಚು ಇದೆ. ಅದು 1587ರದು ಎನ್ನುತ್ತಾರೆ, ಹುತ್ಸುಲ್ ಚರ್ಚುಗಳಲ್ಲಿ ಅತ್ಯಂತ ಹಳೆಯವುಗಳಲ್ಲಿ ಒಂದು.

ಭಾನುವಾರದ ಪ್ರಾರ್ಥನೆಗೆ ಹೋಗುವಾಗ ನಾನು ಪಾಲಿಸಿದ ನಿಯಮಗಳು ಸರಳವಾದವು. ತಲೆಗೆ ಸ್ಕಾರ್ಫ್, ಮೊಣಕಾಲು ಮುಚ್ಚುವ ಉಡುಪು. ಜೊತೆಗಿರುವ ಹುಡುಗರು ಟೋಪಿ ತೆಗೆಯಬೇಕು. ಹಳೆಯ ರೂಢಿ ಉಳಿದಿರುವ ಕಡೆ ಹೆಂಗಸರು ಎಡಕ್ಕೂ ಗಂಡಸರು ಬಲಕ್ಕೂ ನಿಲ್ಲುತ್ತಾರೆ, ಆದ್ದರಿಂದ ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡಿ ಸೇರಿಕೊಳ್ಳಬೇಕು. "ಸ್ಲಾವ ಇಸುಸು ಹ್ರಿಸ್ತು" ಎಂದು ಹೇಳಿದರೆ "ಸ್ಲಾವ ನಾವಿಕಿ" ಎಂಬ ಉತ್ತರ ಬರುತ್ತದೆ, ಯೇಸು ಕ್ರಿಸ್ತನಿಗೆ ಸ್ತುತಿ, ಎಂದೆಂದಿಗೂ ಸ್ತುತಿ ಎಂದು. ಕಪ್ಪು ಮೈಬಣ್ಣದ ಪರದೇಶಿ ಹುಡುಗಿಯ ಬಾಯಲ್ಲಿ ಈ ನಮಸ್ಕಾರ ಕೇಳಿದ ಮೇಲೆ ಅನುಮಾನದಿಂದ ನೋಡಿದವರು ನನಗೆ ನೆನಪಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಕೀಲಿಕೈ ಇಟ್ಟುಕೊಂಡವರು ಯಾರೆಂದು ಕೇಳಿ, ಅವರ ಒಪ್ಪಿಗೆ ಪಡೆದು, ಫ್ಲಾಶ್ ಇಲ್ಲದೆ ಫೋಟೊ ತೆಗೆಯುತ್ತಿದ್ದೆ. ಕಾಣಿಕೆ ಪೆಟ್ಟಿಗೆಗೆ ಕೆಲವು ಹ್ರಿವ್ನಾ ಹಾಕುತ್ತಿದ್ದೆ. ಹೊರಗಿನ ಫೋಟೊಗೆ ಮಾತ್ರ ಮಧ್ಯಾಹ್ನದ ನಂತರದ ಬೆಳಕು ಒಳ್ಳೆಯದು. ಪೂಜಾಪೀಠ ಪೂರ್ವಕ್ಕಿರುವುದರಿಂದ ಬಾಗಿಲು ಸಾಮಾನ್ಯವಾಗಿ ಪಶ್ಚಿಮಕ್ಕಿರುತ್ತದೆ, ಬೆಳಿಗ್ಗೆ ಮುಂಭಾಗವೆಲ್ಲ ನೆರಳಿನಲ್ಲಿರುತ್ತದೆ.

ಹಳ್ಳಿಗಳ ನಡುವಿನ ಓಡಾಟಕ್ಕೆ ಮಾರ್ಷ್ರುತ್ಕಾ ಎಂಬ ಸಣ್ಣ ಬಸ್ಸುಗಳೇ ಗತಿ. ಗಾಜಿನ ಹಿಂದಿನ ಊರಿನ ಹೆಸರು ಸಿರಿಲಿಕ್ ಲಿಪಿಯಲ್ಲಿ ಮಾತ್ರ ಇರುತ್ತದೆ, ಹಿಂದೆ ನಿಂತವರ ದುಡ್ಡು ಕೈಯಿಂದ ಕೈಗೆ ದಾಟಿ ಚಾಲಕನಿಗೆ ತಲುಪಿ ಚಿಲ್ಲರೆ ಹಾಗೆಯೇ ಹಿಂದಿರುಗುತ್ತದೆ. ಇಳಿದ ಕೂಡಲೇ ನಾನು ಮೊದಲು ಕೇಳುತ್ತಿದ್ದುದು ವಾಪಸು ಹೋಗುವ ಕೊನೆಯ ಬಸ್ಸು ಎಷ್ಟು ಗಂಟೆಗೆಂದು. ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಬನೊಷ್ ಸಿಗುತ್ತದೆ. ಹುಳಿಕೆನೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಿನ ಮೇಲೆ ಕುರಿಹಾಲಿನ ಬ್ರಿಂಜಾ ಚೀಸ್ ಉದುರಿಸಿ ಕೊಡುವ ತಿನಿಸು ಅದು. ಹುರಿದ ಹಂದಿಕೊಬ್ಬಿನ ತುಣುಕುಗಳನ್ನು ಹಾಕುವುದು ವಾಡಿಕೆಯಾದ್ದರಿಂದ ಬೇಡವೆಂದು ಮೊದಲೇ ಹೇಳಬೇಕು.

ಪ್ರಕೃತಿಯ ತಾಣಗಳಿಗೆ ಇಷ್ಟು ಸಿದ್ಧತೆ ಬೇಕಿಲ್ಲ. ಯಾರೆಮ್ಚೆಯಲ್ಲಿ ಪ್ರುತ್ ನದಿಯ ಜಲಪಾತ ರಸ್ತೆಯ ಪಕ್ಕದಲ್ಲೇ ಇದೆ, ಸುತ್ತಲಿನ ಅಂಗಡಿಗಳ ಗದ್ದಲವೂ ಜೊತೆಗೇ ಇದೆ. ನನಗೆ ಮನ್ಯಾವಾ ಹಳ್ಳಿ ಹೆಚ್ಚು ಇಷ್ಟ. ಹದಿನೇಳನೆಯ ಶತಮಾನದ ಆರಂಭದಲ್ಲಿ ಯೊವ್ ಕ್ನ್ಯಾಹಿನಿತ್ಸ್ಕಿ ಎಂಬ ಸನ್ಯಾಸಿ ಸ್ಥಾಪಿಸಿದ ಮಠ ಅಲ್ಲಿದೆ. ಆಸ್ಟ್ರಿಯಾದ ಚಕ್ರವರ್ತಿ ಎರಡನೆಯ ಜೋಸೆಫ್ 1785ರಲ್ಲಿ ಅದನ್ನು ಮುಚ್ಚಿಸಿದಾಗ ಯೊವ್ ಕೊಂಡ್ಜೆಲೆವಿಚ್ ಬರೆದ ಅಲ್ಲಿಯ ಮಹಾ ಐಕಾನೊಸ್ಟಾಸಿಸ್ ಬೊಹೊರೊಡ್ಚಾನಿಗೆ ಹೋಯಿತು, ಈಗ ಲ್ವಿವ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಮಠ ನೋಡಿದ ದಿನವೇ ಕಾಡಿನ ದಾರಿಯಲ್ಲಿ ನಡೆದು ಸುಮಾರು 20 ಮೀಟರ್ ಎತ್ತರದ ಜಲಪಾತವನ್ನೂ ನೋಡಬಹುದು. ಉಕ್ರೇನಿನ ಅತಿ ಎತ್ತರದ ಶಿಖರವಾದ 2061 ಮೀಟರಿನ ಹೊವೆರ್ಲಾ, 1980ರಲ್ಲಿ ಸ್ಥಾಪನೆಯಾದ ಕಾರ್ಪೇಥಿಯನ್ ರಾಷ್ಟ್ರೀಯ ಉದ್ಯಾನದಲ್ಲಿದೆ. ವೊರೊಖ್ತಾದ ಮೂಲಕ ಬೆಟ್ಟದ ಬುಡದ ಜರೊಸ್ಲ್ಯಾಕ್ ನೆಲೆಯನ್ನು ತಲುಪಿ ಅಲ್ಲಿಂದ ಹತ್ತಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಏಕಾಏಕಿ ಕವಿಯುವುದರಿಂದ ಬೆಳಿಗ್ಗೆ ಬೇಗ ಹತ್ತಿ ಇಳಿದುಬಿಡುವುದು ಕ್ಷೇಮ.

2022ರ ಫೆಬ್ರವರಿ 24ರಂದು ಇವಾನೊ-ಫ್ರಾಂಕಿವ್‌ಸ್ಕ್ ವಿಮಾನ ನಿಲ್ದಾಣದ ಮೇಲೆ ದಾಳಿಯಾಯಿತು. ನಾವು ರುಮೇನಿಯಾ ಗಡಿ ದಾಟಿ ಊರಿಗೆ ಬಂದೆವು. ಅಂದಿನಿಂದ ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಮುಂದೆ ಪರಿಸ್ಥಿತಿ ತಿಳಿಯಾಗಿ ಹೋಗುವವರು ನನ್ನ ಕಾಲದ ಟಿಪ್ಪಣಿಗಳಲ್ಲಿ ಒಂದನ್ನು ತಿದ್ದಿಕೊಳ್ಳಬೇಕು. ಪೋಪರನ್ನು ಒಪ್ಪುತ್ತಲೇ ಪೂರ್ವದ ಪೂಜಾವಿಧಿಯನ್ನು ಪಾಲಿಸುವ ಗ್ರೀಕ್ ಕ್ಯಾಥೊಲಿಕ್ ಚರ್ಚು ಮತ್ತು ಉಕ್ರೇನಿನ ಆರ್ಥೊಡಾಕ್ಸ್ ಚರ್ಚು ಎರಡೂ 2023ರ ಸೆಪ್ಟೆಂಬರ್ 1ರಿಂದ ಹಳೆಯ ಜೂಲಿಯನ್ ಪಂಚಾಂಗವನ್ನು ಬಿಟ್ಟಿರುವುದರಿಂದ ನಿಗದಿತ ದಿನಾಂಕದ ಹಬ್ಬಗಳು ಹದಿಮೂರು ದಿನ ಹಿಂದಕ್ಕೆ ಸರಿದಿವೆ. ಜನವರಿ 7ಕ್ಕೆ ನಾವು ನೋಡುತ್ತಿದ್ದ ಕ್ರಿಸ್‌ಮಸ್ ಈಗ ಡಿಸೆಂಬರ್ 25ಕ್ಕೆ. ನಿಜ್ನಿ ವೆರ್ಬಿಜ್ ಚರ್ಚು ಮರಿಯಾಳ ಜನನಕ್ಕೆ ಮೀಸಲಾದದ್ದು. ಊರಿಡೀ ಕಸೂತಿ ಅಂಗಿ ತೊಟ್ಟು ಸೇರುವ ಅದರ ಹಬ್ಬಕ್ಕೆ ಇನ್ನು ಸೆಪ್ಟೆಂಬರ್ 21ಕ್ಕಲ್ಲ, 8ಕ್ಕೆ ಹೋಗಬೇಕು.