ರೊಟ್ಟಿ ಸದ್ದಿನ ನಡುವೆ ಸಿಕ್ಕಿಬಿದ್ದ ನನ್ನ ಗಿಟಾರ್

ಗಿಟಾರ್ ಹಿಡಿದು ಮೂರು ವರ್ಷ ಆಗಿತ್ತು. ತಕ್ಕಮಟ್ಟಿಗೆ ಬರುತ್ತದೆ ಅಂತಲೇ ಅಂದುಕೊಂಡಿದ್ದೆ. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು, ರಾತ್ರಿ ಊಟಕ್ಕೆ ಮೊದಲು ಅರ್ಧ ಗಂಟೆ ಸಿಕ್ಕರೆ ಅಷ್ಟೇ ನನ್ನ ಸಂಗೀತ. ಮೇಷ್ಟ್ರು ಇಲ್ಲ, ತಪ್ಪು ಹೇಳುವವರೂ ಇಲ್ಲ. ಒಂದು ದಿನ ಸುಮ್ನೆ ಫೋನನ್ನು ಟೇಬಲ್ ಮೇಲಿಟ್ಟು ರೆಕಾರ್ಡ್ ಒತ್ತಿದೆ.

ಹಾಕಿ ಕೇಳಿದರೆ ಮೊದಲು ಬಂದದ್ದು ಫ್ಯಾನಿನ ಸದ್ದು. ಆಮೇಲೆ ಪಕ್ಕದ ಮನೆ ವೈನಿ ಜೋಳದ ರೊಟ್ಟಿ ತಟ್ಟುವುದು, ಟಪ್ ಟಪ್ ಟಪ್ ಅಂತ. ಗಿಟಾರಿಗೆ ಮೂರನೇ ಸ್ಥಾನ. ನಗಬೇಡಿ, ನನ್ನ ಲಯ ಎಷ್ಟು ಹದಗೆಟ್ಟಿದೆ ಅಂತ ತಿಳಿದದ್ದೇ ಆ ರೊಟ್ಟಿಯಿಂದ. ವೈನಿ ಕೈ ಒಂದೇ ಸಮ ಬೀಳುತ್ತಿತ್ತು. ನಾನು ಸಿ ಕಾರ್ಡಿನಿಂದ (ಕಾರ್ಡ್ ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಜಿ ಕಾರ್ಡಿಗೆ ಹೋಗುವಾಗ ಪ್ರತಿ ಸಲ ನಿಲ್ಲುತ್ತಿದ್ದೆ, ಆ ಖಾಲಿ ಜಾಗದಲ್ಲಿ ಒಂದು ಟಪ್ ಜಾಸ್ತಿ ಕೇಳಿಸುತ್ತಿತ್ತು. ಮೂರು ವರ್ಷ ನಾನು ಬೈದುಕೊಂಡದ್ದು ಹಿಡಿಯಲು ಕಷ್ಟದ ಎಫ್ ಕಾರ್ಡನ್ನು! ನುಡಿಸುವಾಗ ಇದು ಯಾಕೆ ತಿಳಿಯಲಿಲ್ಲ ಅಂದರೆ, ನಾನು ಒಳಗೊಳಗೇ ಹಾಡಿಕೊಳ್ಳುತ್ತಿರುತ್ತೇನೆ, ಕೈ ನಿಂತಾಗ ಆ ಹಾಡೂ ನಿಂತು ಕಾಯುತ್ತದೆ.

ಮತ್ತೆ ರೆಕಾರ್ಡ್ ಮಾಡುವ ಮುಂಚೆ ಕೋಣೆ ಸರಿಮಾಡಿದೆ. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆ ಬರಿದು, ಎಲ್ಲಾ ಸದ್ದೂ ತಿರುಗಿ ಬರುತ್ತಿತ್ತು. ಒಂದು ಕೌದಿ ಕೆಳಗೆ ಹಾಸಿ, ಇನ್ನೊಂದನ್ನು ಬಾಗಿಲಿಗೆ ತೂಗುಹಾಕಿದೆ. ಫೋನ್ ನೇರ ಗಿಟಾರಿನ ತೂತಿನ ಮುಂದಿದ್ದರೆ ಬರೀ ಗುಂಯ್ ಅನ್ನುತ್ತದೆ, ಅದಕ್ಕೆ ಹನ್ನೆರಡನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಎದುರು, ಒಂದೂವರೆ ಗೇಣು ದೂರದಲ್ಲಿ, ಮಡಚಿದ ಟವೆಲ್ ಮೇಲೆ ಇಡುತ್ತೇನೆ. ಫ್ಯಾನ್ ಬಂದ್. ನಮ್ಮ ಊರಲ್ಲಿ ಮೇ ತಿಂಗಳು ಫ್ಯಾನ್ ಇಲ್ಲದೆ ಎರಡು ನಿಮಿಷಕ್ಕಿಂತ ಜಾಸ್ತಿ ಯಾರು ಕೂರುತ್ತಾರೆ? ಹಾಗಾಗಿ ರೆಕಾರ್ಡಿಂಗೂ ಎರಡೇ ನಿಮಿಷ. ಸೆಕೆಗೆ ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ, ಪ್ರತಿ ಸಲ ಟ್ಯೂನ್ ಮಾಡಿಯೇ ಶುರು.

ಲಯ ತಪ್ಪದಂತೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ವಿಷಯದಲ್ಲಿ ಒಂದು ವಾರ ಹಾಳಾಯಿತು. ಅದೇ ಫೋನಿಗೆ ಇಯರ್‌ಫೋನ್ ಸಿಕ್ಕಿಸಿ ಒಂದು ಕಿವಿಗೆ ಹಾಕಿಕೊಂಡಿದ್ದೆ. ಬರೀ ಅಂಗಿ ಉಜ್ಜುವ ಸದ್ದು ಬರುತ್ತಿತ್ತು. ಆಮೇಲೆ ಹೊಳೆಯಿತು, ರೆಕಾರ್ಡ್ ಆಗುತ್ತಿದ್ದದ್ದು ಎದೆ ಮೇಲೆ ತೂಗುವ ಇಯರ್‌ಫೋನಿನ ಮೈಕಿನಿಂದ. ಈಗ ಮೆಟ್ರೊನೋಮ್ ಮನೆಯವಳ ಹಳೇ ಫೋನಿನಲ್ಲಿ.

ಇನ್ನೊಂದು ಮಾತು. ರಾತ್ರಿಯೇ ಕೇಳಬೇಡಿ. ಆಗ ಒಂದೋ ಸಿಟ್ಟು ಬರುತ್ತದೆ, ಇಲ್ಲಾ ನಮ್ಮ ಮೇಲೆ ನಮಗೇ ಪ್ರೀತಿ ಉಕ್ಕುತ್ತದೆ. ನಾನು ಮರುದಿನ ಮಧ್ಯಾಹ್ನ ಮಿಲ್‌ನಲ್ಲಿ ಬುತ್ತಿ ಬಿಚ್ಚಿದಾಗ ಕೇಳುತ್ತೇನೆ, ಯಾರದೋ ಲೆಕ್ಕ ತಾಳೆ ನೋಡಿದ ಹಾಗೆ. ಹಳೇ ಲೆಡ್ಜರಿನ ಹಿಂದಿನ ಪುಟದಲ್ಲಿ ಬರೆಯುತ್ತೇನೆ: ‘0:42 ಜಿ ತಡ’, ‘1:10 ಓಡಿದೆ’. ಮೊದಲ ಪುಟದಲ್ಲಿ ಎರಡು ನಿಮಿಷಕ್ಕೆ 19 ಸಲ ನಿಂತದ್ದು ಇದೆ. ಒಂದು ವಾರಕ್ಕೆ ಒಂದೇ ತಪ್ಪು ಹಿಡಿಯುವುದು, ಉಳಿದದ್ದು ಕೇಳಿಸಿದರೂ ಕೇಳಿಸಿಲ್ಲ ಅಂದುಕೊಳ್ಳುವುದು.

ಸಿ, ಜಿ ಕಥೆಗೆ ಮದ್ದು ಬೆರಳಲ್ಲೇ ಇತ್ತು. ಜಿಗೆ ತೋರುಬೆರಳು ಬಿಟ್ಟೆ. ಸಿ ಹಿಡಿದ ನಡುಬೆರಳು, ಉಂಗುರಬೆರಳು ಎರಡೂ ಅದೇ ಫ್ರೆಟ್ಟಿನಲ್ಲಿ ಪಕ್ಕದ ದಪ್ಪ ತಂತಿಗೆ ಜರುಗಿದರೆ ಸಾಕು, ಕಿರುಬೆರಳು ಕೊನೆಯ ಸಣ್ಣ ತಂತಿಯ ಮೂರನೇ ಫ್ರೆಟ್ಟಿಗೆ ಬೀಳುತ್ತದೆ. ಮೊದಮೊದಲು ಕಿರುಬೆರಳು ಮಾತೇ ಕೇಳಲಿಲ್ಲ. ಮೆಟ್ರೊನೋಮನ್ನು ನಿಮಿಷಕ್ಕೆ 80 ಏಟಿನಿಂದ 60ಕ್ಕೆ ಇಳಿಸಿ, ಸೆಕೆಂಡಿಗೊಂದು ಏಟು, ಹತ್ತು ಹನ್ನೆರಡು ದಿನ ಅದನ್ನೇ ಬಾರಿಸಿದೆ.

‘ದಿನಾ ಅದೇ ಬಾರಸ್ತೀರಲ್ರಿ, ಬ್ಯಾಸರ ಬರಲ್ಲೇನ್ರಿ?’ ಅಂತ ವೈನಿ ಕಾಂಪೌಂಡಿನ ಆಚೆಯಿಂದ ಕೇಳಿದರು. ‘ನೀವೂ ದಿನಾ ರೊಟ್ಟೀನೇ ತಟ್ತೀರಲ್ರಿ ವೈನಿ’ ಅಂದೆ. ಅವರ ರೊಟ್ಟಿ ನನಗೆ ಎಷ್ಟು ಉಪಕಾರ ಮಾಡಿದೆ ಅಂತ ಇನ್ನೂ ಹೇಳಿಲ್ಲ.

ಕಳೆದ ವಾರ 80ರಲ್ಲೇ ನುಡಿಸಿದೆ, ಎರಡು ನಿಮಿಷದಲ್ಲಿ ನಿಂತದ್ದು ಮೂರು ಸಲ. ಈಗ ಬೆರಳು ಜರುಗುವಾಗ ದಪ್ಪ ತಂತಿಗಳು ಚೀಂಯ್ ಅನ್ನುವುದು ಹೊಸದಾಗಿ ಕೇಳಿಸುತ್ತಿದೆ, ಮೊದಲೂ ಇತ್ತೇನೋ. ಎಫ್ ಕಾರ್ಡಿನ ಪುಟ ಇನ್ನೂ ತೆರೆದಿಲ್ಲ.