ಎಲ್‌ಎಲ್‌ಆರ್ ಅರ್ಜಿಗೆ ಮುನ್ನ ದಾಖಲೆಗಳನ್ನು ಹೊಂದಿಸಿಕೊಳ್ಳುವ ಬಗೆ

ದಿನಕ್ಕೆ ಎರಡೇ ಬಸ್ಸು ಬಂದುಹೋಗುವ ಮಲೆನಾಡಿನ ಊರುಗಳಲ್ಲಿ ಗಾಡಿ ಓಡಿಸಲು ಬಾರದಿದ್ದರೆ ಪೇಟೆಯ ಸಣ್ಣ ಕೆಲಸಕ್ಕೂ ಇಡೀ ದಿನ ಬೇಕು. ಹಾಗಾಗಿ ಮಕ್ಕಳು ದೊಡ್ಡವರಾದ ಮೇಲೆ, ನಲವತ್ತರ ಆಸುಪಾಸಿನಲ್ಲಿ ಎಲ್‌ಎಲ್‌ಆರ್ (ಗಾಡಿ ಕಲಿಯುವವರ ಲೈಸೆನ್ಸ್) ಮಾಡಿಸಲು ಹೊರಡುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಅರ್ಜಿ ತುಂಬುವ ಮುನ್ನ ದಾಖಲೆಗಳನ್ನೆಲ್ಲ ಸಾಲಾಗಿ ಹರಡಿಕೊಂಡು, ಹೆಸರು, ಜನ್ಮದಿನಾಂಕ, ವಿಳಾಸ ಎಲ್ಲದರಲ್ಲಿಯೂ ಒಂದೇ ರೀತಿ ಇವೆಯೇ ಎಂದು ಅಕ್ಷರಶಃ ತಾಳೆ ನೋಡಿ.

ಅತ್ತಿಗೆಯ ಅರ್ಜಿಗೆ ಕೂತಾಗ ಇದರ ಮಹತ್ವ ನನಗೆ ತಿಳಿಯಿತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವರ ಹೆಸರಿನ ಹಿಂದೆ ತಂದೆಯ ಇನಿಷಿಯಲ್ ಇತ್ತು. ಆಧಾರ್‌ನಲ್ಲಿ ಗಂಡನ ಹೆಸರು ಸೇರಿತ್ತು. ವಿಳಾಸ ಇನ್ನೂ ಸಾಗರದ ಕಡೆಯ ತವರುಮನೆಯದೇ. ಹುಟ್ಟಿದ ತಾರೀಖಿನ ಜಾಗದಲ್ಲಿ ಬರಿಯ ಇಸವಿ. ಲೈಸೆನ್ಸಿನ ಅರ್ಜಿಗಿರುವ ಸರ್ಕಾರಿ ಜಾಲತಾಣ ಪರಿವಹನ್ ಸಾರಥಿಯಲ್ಲಿ ಆಧಾರ್ ಮೂಲಕ ಅರ್ಜಿ ಹಾಕಿದರೆ ಹೆಸರು, ವಿಳಾಸ, ಭಾವಚಿತ್ರಗಳು ಆಧಾರ್‌ನಿಂದಲೇ ಬರುವುದರಿಂದ, ಅಲ್ಲಿನ ತಪ್ಪು ಮುಂದೆ ಲೈಸೆನ್ಸಿಗೂ ಇಳಿಯುತ್ತದೆ. ಆದ್ದರಿಂದ ಮೊದಲು ಆಧಾರ್ ಸರಿಪಡಿಸಿ. ಸಾಮಾನ್ಯವಾಗಿ ಹೆಸರನ್ನು ಎರಡು ಬಾರಿ, ಜನ್ಮದಿನಾಂಕವನ್ನು ಒಂದೇ ಬಾರಿ ಬದಲಿಸಲು ಅವಕಾಶವಿರುವುದರಿಂದ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡೇ ತಿದ್ದಿಸಬೇಕು. ಒಟಿಪಿ ಬರಬೇಕಾದ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಯಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ವಿಳಾಸದ ವಿಷಯದಲ್ಲಿ ನಮ್ಮ ಕಡೆಯವರು ಹೆಚ್ಚು ಎಚ್ಚರ ವಹಿಸಬೇಕು. ನಾವು ಬಾಯಲ್ಲಿ ಹೇಳುವುದು ಮನೆಯ ಹೆಸರು ಅಥವಾ ಕೇರಿಯ ಹೆಸರು; ದಾಖಲೆಯಲ್ಲಿ ಇರುವುದು ಕಂದಾಯ ಗ್ರಾಮದ ಹೆಸರು. ಪಹಣಿಯಲ್ಲೋ ಮತದಾರರ ಚೀಟಿಯಲ್ಲೋ ಇರುವಂತೆ ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಪಿನ್‌ಕೋಡ್ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಎಲ್ಲೆಡೆ ಅದನ್ನೇ ಬಳಸಿ.

ಇನ್ನು ಆರೋಗ್ಯದ ಕಾಗದ. ದೈಹಿಕ ಅರ್ಹತೆಯ ಸ್ವಯಂ ಘೋಷಣೆಯಾದ ನಮೂನೆ 1 ಎಲ್ಲರಿಗೂ ಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ ಎಂದು ಅದು ಕೇಳುತ್ತದೆ. ಕನ್ನಡಕ ಬಳಸುವವರು ಅದನ್ನು ಹಾಕಿಕೊಂಡೇ ಅಂಗಳದಲ್ಲಿ ನಿಂತು ನೋಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಏಕೆಂದರೆ ಘಟ್ಟದ ತಿರುವಿನಲ್ಲಿ ಎದುರಾಗುವವರ ಜೀವವೂ ಆ ಉತ್ತರದ ಮೇಲೆ ನಿಂತಿದೆ. ನಲವತ್ತು ದಾಟಿದವರು ನಮೂನೆ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರವನ್ನೂ ಕೊಡಬೇಕು. ಅದರಲ್ಲಿ ವೈದ್ಯರ ಸಹಿ ಅರ್ಧ ನಿಮ್ಮ ಫೋಟೊದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ನೋಂದಣಿ ಸಂಖ್ಯೆಯೂ ಸ್ಪಷ್ಟವಾಗಿರಬೇಕು. ರಕ್ತದ ಗುಂಪು ಗೊತ್ತಿಲ್ಲದಿದ್ದರೆ ಅದೇ ಭೇಟಿಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ.

ಮೂಲ ದಾಖಲೆಗಳನ್ನೂ ಜೆರಾಕ್ಸ್ ಪ್ರತಿಗಳನ್ನೂ ಬೇರೆಬೇರೆ ಪ್ಲಾಸ್ಟಿಕ್ ಕವರಿನಲ್ಲಿಡಿ. ಮಳೆಗಾಲದ ತೇವಕ್ಕೆ ಹಳೆಯ ಅಂಕಪಟ್ಟಿಯ ಶಾಯಿ ಹರಡುತ್ತದೆ.

ಎಲ್‌ಎಲ್‌ಆರ್‌ನ ಅವಧಿ ಆರು ತಿಂಗಳು, ಚಾಲನಾ ಪರೀಕ್ಷೆಗೆ ಹೋಗಲು 30 ದಿನ ಕಳೆದಿರಬೇಕು. ಆದ್ದರಿಂದ ಜೂನ್ ಮಳೆಯ ಹೊತ್ತಿಗೆ ಮಾಡಿಸುವುದಕ್ಕಿಂತ ದೀಪಾವಳಿ ಕಳೆದ ಮೇಲೆ ಮಾಡಿಸುವುದು ಲೇಸು. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೂ ಒಣಗಿದ ರಸ್ತೆಯಲ್ಲಿ ಕಲಿಯಲು ದಿನಗಳು ಉಳಿದಿರುತ್ತವೆ.